ಏಡಿ ಹಾಡಿಗೆ ಸೈನ್ ಹಾಕೋರು ಯಾರು?

“ಬಚ್ಚಲಲ್ಲಿ ಹಾಡ್ಬೋದಾ ಸಾ?”

ಕೊಳ್ಳೇಗಾಲದ ರೆಕಾರ್ಡಿಂಗ್ ಸ್ಟುಡಿಯೋದ ಪ್ರಭುಸ್ವಾಮಿ ಕಣ್ಣು ಪಿಳಿಪಿಳಿ ಬಿಟ್ಟರು. ಸೈನ್ ಹಾಕುವ ಹೊತ್ತಿನಲ್ಲಿ ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

ಕೇಳಿದವಳು ಹೊನ್ನೂರಿನ ಪದ್ಮಿನಿ, ಐದನೇ ಕ್ಲಾಸು. ನಾಟಿ ಗದ್ದೆಯಲ್ಲಿ ಏಡಿಯ ಮೇಲೊಂದು ಹಾಡು ಕಟ್ಟಿದ್ದಳು. ಈಗಷ್ಟೇ ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಅದನ್ನು ಹಾಡಿ ಬಂದಿದ್ದಳು. ಇನ್ನು ಅವಳ ಅವ್ವ ಪುಷ್ಪ ಒಂದು ಸೈನ್ ಹಾಕಿದರೆ ಸಾಕು, ಹಾಡು ಯೂಟ್ಯೂಬಿನಲ್ಲಿ, ಪದ್ಮಿನಿಯ ಫೋಟೋ ಸಮೇತ! ಕ್ಲಾಸಿಗೆಲ್ಲ ಆಗಲೇ ಡಂಗುರ ಸಾರಿಯಾಗಿತ್ತು.

ಆದರೆ ಅವ್ವ, “ಮೊದ್ಲು ಓದವ್ವ, ಆಮೇಲೆ ಸೈನು” ಎಂದಿದ್ದಳು. ಪದ್ಮಿನಿ ಒಪ್ಪಂದದ ಪೇಪರನ್ನು ಗಟ್ಟಿಯಾಗಿ ಓದಿದಳು. ಹಾಡು ಇನ್ನು ಎಂದೆಂದಿಗೂ ಸ್ಟುಡಿಯೋ ಕಂಪನಿಯದು. ಕಂಪನಿಯ ಅನುಮತಿ ಇಲ್ಲದೆ ಬೇರೆಲ್ಲೂ ಯಾರೂ ಹಾಡುವಂತಿಲ್ಲ.

“ಬಚ್ಚಲಲ್ಲಿ ಹಾಡ್ಕೊ ತಾಯಿ, ಯಾರ್ ಕೇಳ್ತಾರೆ?” ಎಂದರು ಪ್ರಭುಸ್ವಾಮಿ.

“ಸ್ಕೂಲ್ ಡೇಲಿ?”

“ಅದು... ಪರ್ಮಿಷನ್ ಬೇಕಾಗುತ್ತೆ.”

“ನಾಟಿ ಮಾಡುವಾಗ?”

ಪ್ರಭುಸ್ವಾಮಿ ಫ್ಯಾನಿನ ಕಡೆ ನೋಡಿದರು. “ಪೇಪರ್ ಪ್ರಕಾರ ಅದೂ ಇಲ್ಲ.”

“ಅಯ್ಯಯ್ಯೋ! ಮತ್ತೆ ಏಡಿ ಕಚ್ಚುದ್ರೆ ಯಾವ ಹಾಡು ಹಾಡೋದು?”

ಅವ್ವ ಕಿಸಕ್ಕನೆ ನಕ್ಕಳು. “ಮುಂದಕ್ಕೆ ಓದು.”

ಈ ಹಾಡನ್ನು ಪೂರ್ತಿ ಕಟ್ಟಿದವಳು ನನ್ನ ಮಗಳು ಪದ್ಮಿನಿ ಒಬ್ಬಳೇ, ಎಂದಿತ್ತು ಮುಂದಿನ ಸಾಲು. ಅದನ್ನು ಓದುವಾಗ ಪದ್ಮಿನಿಯ ಎದೆ ಉಬ್ಬಿತು.

ಅವ್ವ ಪೆನ್ನು ಕೆಳಗಿಟ್ಟಳು. “ಒಬ್ಳೇ ಅಂತ ಎಂಗೆ ಸೈನ್ ಹಾಕ್ಲವ್ವ? ನಾಟಿ ಹಾಡು ಒಬ್ರು ಎಸುದ್ರೆ ಇನ್ನೊಬ್ರು ಹಿಡೀತಾರೆ. ‘ಕಾಲು ಬುಡು ಏಡಿ’ ಅಂದದ್ದು ನೀನು. ಏಡಿಗೆ ಕಪ್ಪೆ ಜೊತೆ ಮದ್ವೆ ಮಾಡ್ಸುದ್ದು ನಮ್ ಜೊತೆ ನಾಟಿಗೆ ಬರೋ ಚಿಕ್ಕನಿಂಗಮ್ಮಜ್ಜಿ!”

ಪದ್ಮಿನಿಗೆ ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಕೇಳಿದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದುದು ಆ ಮದುವೆಯ ಸಾಲಿಗೇ.

“ಸಾ, ರೆಕಾರ್ಡಿಂಗ್ ನೀವು ಮಡಿಕಳಿ. ಹಾಡು ನಮಗೇ ಇರ್ಲಿ. ಅಜ್ಜಿ ಹೆಸ್ರೂ ಹಾಕಿ, ಎಲ್ರ ಹೆಸ್ರೂ ಹಾಕಿ,” ಎಂದಳು ಅವ್ವ.

“ಅಂಗೆಲ್ಲ ಪೇಪರ್ ಬದಲಾಯ್ಸಕ್ಕೆ ಓನರ್‌ನ ಕೇಳ್ಬೇಕು ಕಣಮ್ಮ. ಒಪ್ಪೋದು ಡೌಟು.”

“ಕೇಳಿ ಸಾ. ಅಲ್ಲೀಗಂಟ ಸೈನ್ ಇಲ್ಲ,” ಎಂದು ಅವ್ವ ಎದ್ದೇಬಿಟ್ಟಳು.

ಬಸ್ಸಿನಲ್ಲಿ ಪದ್ಮಿನಿ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಳು. ಫೋಟೋ ಇಲ್ಲ, ಯೂಟ್ಯೂಬೂ ಇಲ್ಲ. ಸೋಮವಾರ ಕ್ಲಾಸಿನಲ್ಲಿ ಮಾನ ಮೂರು ಕಾಸಿಗೆ ಹರಾಜು! ಅಳು ಬರುವಂತಾಯಿತು.

ಮಾರನೆಯ ದಿನ ಭಾನುವಾರ. ಗದ್ದೆಯಲ್ಲಿ ಚಿಕ್ಕನಿಂಗಮ್ಮಜ್ಜಿ ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಬಗ್ಗಿದ ನಡು ಎತ್ತದೆಯೇ ರಾಗ ಎಳೆದಳು:

“ಏಡಿ ಏಡಿ, ಪೇಪರ್ ಬಂತು, ಸೈನು ಹಾಕೀಯೇನಮ್ಮ?”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಪೈರು ಹಿಡಿದ ಕೈಗಳು ಹಾಗೇ ನಿಂತವು. ಮುಂದಿನ ಸಾಲಿಗೆ ಎಲ್ಲರೂ ಪದ್ಮಿನಿಯ ಮುಖ ನೋಡುತ್ತಿದ್ದರು.

ಪದ್ಮಿನಿ ಒಂದು ಪೈರನ್ನು ಕೆಸರಿಗೆ ಒತ್ತಿದಳು.

“ಕಾಲ್ಗಳೆಲ್ಲ ಕೆಸ್ರಲ್ಲಿವೆ, ಪೆನ್ನು ಹಿಡಿಯೋದೆಂಗಮ್ಮ?”

ನಗು ನಿಲ್ಲುವ ಮೊದಲೇ ಹಿಂದಿನಿಂದ ಯಾರೋ ಮೂರನೇ ಸಾಲು ಎಸೆದರು. ಯಾರೆಂದು ಪದ್ಮಿನಿ ತಿರುಗಿ ನೋಡಲಿಲ್ಲ. ಅವಳು ಆಗಲೇ ಅದನ್ನು ಹಾಡುತ್ತಿದ್ದಳು.