ಕಾಳಸರ್ಪನ ಸೊಕ್ಕು

‘ಈತ ಒಡೆಯನಲ್ಲ’ ಎಂದು ಸ್ವಭಾವಬೀಗ ಮತ್ತೊಮ್ಮೆ ಘೋಷಿಸಿತು. ಹುಬ್ಬಳ್ಳಿಯ ಆ ಡಯಾಲಿಸಿಸ್ ಕೇಂದ್ರದ ಯಂತ್ರಗಳೆಲ್ಲ ಸ್ತಬ್ಧವಾಗಿದ್ದವು. ಅವುಗಳಿಗೆ ಬೀಗ ಜಡಿದವನು ಕೈಕೋಳ ತೊಟ್ಟು, ಪರದೆಯ ಮುಂದೆ ಕುಳಿತು ಗಳಗಳನೆ ಅಳುತ್ತಿದ್ದ.

ಅವನ ಹೆಸರು ಅವಿನಾಶ ಹೊಸಕೇರಿ. ಕತ್ತಲಜಾಲದಲ್ಲಿ, ಅಂದರೆ ಸಾಮಾನ್ಯರ ಕಣ್ಣಿಗೆ ಬೀಳದ ಡಾರ್ಕ್ ವೆಬ್ ಸಂತೆಯಲ್ಲಿ, ಆತ ‘ಕಾಳಸರ್ಪ’. ಪೊಲೀಸರು ಹಿಡಿಯಲು ಹೋದಾಗ ಈ ಸರ್ಪ ತಾಯಿಯ ಮಂಚದ ಕೆಳಗೆ ಅವಿತಿತ್ತು. ಆ ಸಂತೆಯ ಶೂರರೆಲ್ಲ ಹೀಗೆಯೇ. ಮುಖ ಕಾಣದಿರುವಾಗ ಮಾತ್ರ ಅವರ ಮೀಸೆ ಮೇಲೇರುತ್ತದೆ.

ಪಾಸ್‌ವರ್ಡು, ಬೆರಳಚ್ಚುಗಳನ್ನೆಲ್ಲ ಕಳ್ಳರು ಕದಿಯತೊಡಗಿದ ಮೇಲೆ ಡಾ. ಶಾಲ್ಮಲಾ ಕುಂದಗೋಳ ಈ ಬೀಗವನ್ನು ರೂಪಿಸಿದ್ದರು. ದನಿಯ ಏರಿಳಿತ, ಉಸಿರಿನ ಲಯ, ಹುಬ್ಬಿನ ಚಲನೆಗಳಿಂದ ಅದು ಮನುಷ್ಯನ ಸ್ವಭಾವವನ್ನೇ ಗುರುತಿಸುತ್ತದೆ. ಸ್ವಭಾವವನ್ನು ಕದಿಯಲಾಗದು, ಈ ಯಂತ್ರದೆದುರು ನಟಿಸಲೂ ಆಗದು. ಆದ್ದರಿಂದ ಅವಿನಾಶ ಬೀಗವನ್ನೇ ಕದ್ದ. ಅದರಿಂದ ಆಸ್ಪತ್ರೆಯ ಯಂತ್ರಗಳನ್ನು ಬಂಧಿಸಿ, ತನ್ನ ಸ್ವಭಾವವನ್ನೇ ಕೀಲಿಯಾಗಿಸಿದ. ಕತ್ತಲಜಾಲದ ಸಂಪ್ರದಾಯದಂತೆ ಬಳಗದವರ ಮುಂದೆ ಜಂಬ ಕೊಚ್ಚುತ್ತಲೇ ಆ ಕೀಲಿಯ ಮುದ್ರೆಯೊತ್ತಿದ. ಕಳವಿಗಿಂತ ಅದರ ಮೆರವಣಿಗೆಯೇ ಈ ಮಂದಿಗೆ ದೊಡ್ಡದು.

“ಅವನ ಸೊಕ್ಕ ಕೀಲಿ,” ಎಂದರು ಶಾಲ್ಮಲಾ. “ಅಂಜಿದ ಅವಿನಾಶನ್ನ ಬೀಗ ಗುರುತ ಹಿಡಿಯೂದಿಲ್ಲ.”

ಇನ್‌ಸ್ಪೆಕ್ಟರ್ ಮುಲ್ಲಾ ತಲೆಗೆ ಕೈ ಹಚ್ಚಿದರು. “ಮೊದಲ ಹೇಳಬಾರದೇನ್ರಿ ಮೇಡಮ್? ದಾರಿಯುದ್ದಕ್ಕೂ ಅವನ ಸೊಕ್ಕು ಇಳಿಸಿಕೋತನ ಬಂದೇವಲ್ಲ!”

ಪಕ್ಕದ ಬೆಂಚಿನ ಮೇಲೆ ಬಸಲಿಂಗವ್ವ ಏದುಸಿರು ಬಿಡುತ್ತಿದ್ದಳು. ಖಾನಾವಳಿ ನಡೆಸುವ ಹೆಂಗಸು; ಕಾಲು, ಮುಖ ಬಾತುಕೊಂಡಿದ್ದವು. ಬೇರೆ ಕೇಂದ್ರಗಳಲ್ಲಿ ಹಾಸಿಗೆಯಿರಲಿಲ್ಲ. ಇನ್ನೂ ಕಾಯಿಸಿದರೆ ಆಕೆಯ ಹೃದಯ ನಿಲ್ಲಬಹುದೆಂದು ವೈದ್ಯರು ಎಚ್ಚರಿಸಿದ್ದರು.

ಮುಲ್ಲಾ ದನಿಗೆ ಬೆಣ್ಣೆ ಹಚ್ಚಿದರು. “ತಮ್ಮಾ, ನೀ ಭಾಳ ಶ್ಯಾಣ್ಯಾ ಅದಿಯಪಾ. ನಿನ್ನಂಥಾವ ಈ ಜಿಲ್ಲಾದಾಗ ಇಲ್ಲ.”

“ಹೊಡಿಬ್ಯಾಡ್ರಿ ಸರ್,” ಎಂದ ಅವಿನಾಶ. ಬೀಗ ಮತ್ತೆ ನಿರಾಕರಿಸಿತು.

ಬಸಲಿಂಗವ್ವ ತಲೆಯೆತ್ತಿ ನೋಡಿದಳು.

“ಇದೇನ ನನ್ನ ಮಷೀನಿಗೆ ಕೀಲಿ ಹಾಕಿದ್ದು? ಬಿಡ್ರಿ ಸಾಹೇಬ್ರ, ಯಾರನ್ನೋ ಹಿಡಕೊಂಡ ಬಂದೀರಿ. ಇದರ ಮಾರಿ ನೋಡ್ರಿ! ನಮ್ಮ ಖಾನಾವಳ್ಯಾಗ ತಾಟು ತೊಳಿಯಾಕೂ ಇಟಗೊಳ್ಳೂದಿಲ್ಲ ನಾ. ಯಾವನೋ ಬುದ್ಧಿವಂತ ಮಾಡ್ಯಾನ. ಇದು ಅವಗ ಚಾ ತಂದ ಕೊಡ್ತಿದ್ದೀತು.”

ಅಳು ಥಟ್ಟನೆ ನಿಂತಿತು.

“ಏ ಮುದುಕಿ, ಬಾಯಿ ಮುಚ್ಚ! ಚಾ ತರಾವನಾ ನಾ? ನನ್ನ ಹೆಸರ ಕೇಳಿದರ ಕತ್ತಲಜಾಲನ ಎದ್ದು ನಿಲ್ಲತೈತಿ! ಆ ಬೀಗ ತಗಿಯಾವ ಇನ್ನೂ ಹುಟ್ಟಿಲ್ಲ!”

‘ಸ್ವಾಗತ, ಒಡೆಯ’ ಎಂದಿತು ಪರದೆ. ಯಂತ್ರಗಳ ದೀಪಗಳು ಸಾಲಾಗಿ ಹೊತ್ತಿಕೊಂಡವು.

“ತಗದಾತಲ್ಲೋ,” ಎನ್ನುತ್ತ ಬಸಲಿಂಗವ್ವ ನರ್ಸಿನತ್ತ ತೋಳು ಚಾಚಿದಳು.

ಆದರೆ ಕಾಳಸರ್ಪ ತನ್ನ ಜಾತಿಯವರನ್ನೂ ಬಿಟ್ಟಿರಲಿಲ್ಲ. ಆ ಬೀಗದ ನಕಲುಗಳನ್ನು ಚಿಲ್ಲರೆ ಕಳ್ಳರಿಗೆ ಮಾರಿ, ಎಲ್ಲದಕ್ಕೂ ಕೀಲಿಯಾಗಿ ಗುಟ್ಟಾಗಿ ತನ್ನ ಸ್ವಭಾವವನ್ನೇ ಉಳಿಸಿಕೊಂಡಿದ್ದ. ಆ ದಡ್ಡರು ರಕ್ತನಿಧಿ, ನೀರು ಸರಬರಾಜು, ಕೈಗೆ ಸಿಕ್ಕಿದ್ದಕ್ಕೆಲ್ಲ ಬೀಗ ಜಡಿದರು. ಹಣ ಪಡೆದ ಮೇಲೂ ತೆಗೆಯಲಾಗದೆ ಓಡಿಹೋದರು. ತೆರೆಸಿಕೊಳ್ಳಲೆಂದು ಒಂದೊಂದಾಗಿ ಆ ಬೀಗಗಳು ಅವಿನಾಶನಿದ್ದ ಸೆರೆಮನೆಯ ಪರದೆಗೆ ಬರತೊಡಗಿದವು.

ಅಲ್ಲಿ ಇನ್ನೊಂದು ಅನಾಹುತ ನಡೆದಿತ್ತು. ಅವಿನಾಶ ಒಳ್ಳೆಯವನಾಗುತ್ತಿದ್ದ. ಜೊತೆಯ ರೋಗಿ ಕೈದಿಗೆ ತಾನೇ ಗಂಜಿ ಕುಡಿಸುತ್ತಿದ್ದ. ಅಧಿಕಾರಿಗಳು ಬೆವರಿದರು, ಅವನ ಪಾಲಿಗೆ ಸುಧಾರಣಾ ತರಗತಿಗಳನ್ನು ನಿಲ್ಲಿಸಿದರು. ಬಸಲಿಂಗವ್ವನ ಕ್ಷಮೆ ಕೇಳಬೇಕೆಂದು ಅವನು ಹಟ ಹಿಡಿದಾಗ ಮಾತ್ರ ಆಕೆಯನ್ನು ತಕ್ಷಣ ಕರೆಸಿದರು.

ಶಾಲ್ಮಲಾ ಬಾಗಿಲಲ್ಲೇ ಆಕೆಯನ್ನು ತಡೆದರು. “ಹೆರಿಗೆ ಆಸ್ಪತ್ರೆಯೊಂದರ ಆಕ್ಸಿಜನ್‌ಗೆ ಬೀಗ ಬಿದ್ದೈತಿ. ಕೂಸುಗಳು ಬಿಡಿ ಸಿಲಿಂಡರಿನ ಗಾಳಿ ಮ್ಯಾಲ ಉಸಿರಾಡಾಕತ್ತಾವು. ಆ ಸಿಲಿಂಡರೂ ಮುಗಿಯಾಕ ಬಂದಾವು. ಇವತ್ತ ಕ್ಷಮಿಸಬ್ಯಾಡ್ರವ್ವಾ. ಬೈರಿ.”

ಒಳಗೆ ಅವಿನಾಶ ಆಕೆಯ ಪಾದ ಹಿಡಿದುಕೊಂಡ. “ತಪ್ಪಾತವ್ವಾ.”

ಬಸಲಿಂಗವ್ವ ಕಾಲು ಹಿಂದೆಳೆದುಕೊಂಡಳು. ಸೆರಗಿನಡಿಯ ಗಂಟನ್ನು ಒತ್ತಿ ಹಿಡಿದಳು. “ಕಳ್ಳತನಾನೂ ನೆಟ್ಟಗ ಬರಲಿಲ್ಲ, ಈಗ ಸಾಧು ಆಗಾಕ ಹೊಂಟಿ? ನಿನ್ನಕಿಂತ ನಮ್ಮ ಖಾನಾವಳಿ ಬೆಕ್ಕು ಶ್ಯಾಣ್ಯಾ ಐತಿ ಹೋಗ.”

ಆಕೆಯ ಬಾಯಿಂದ ಇದನ್ನು ಅವನು ನಿರೀಕ್ಷಿಸಿರಲಿಲ್ಲ. ಹುಬ್ಬು ತಾನಾಗಿಯೇ ಮೇಲೇರಿತು. “ನನಗ ಕಲಿಸಾಕ ಬರಬ್ಯಾಡ!” ಎಂದು ಗುಡುಗಿದವನು ಮರುಕ್ಷಣವೇ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಗೋಡೆಯ ಕ್ಯಾಮೆರಾಕ್ಕೆ ಅಷ್ಟೇ ಸಾಕಾಯಿತು; ಹೆರಿಗೆ ಆಸ್ಪತ್ರೆಯ ಬೀಗ ತೆರೆದುಕೊಂಡಿತು.

ಅವನಿಗೆಂದು ತಂದಿದ್ದ ರೊಟ್ಟಿಯ ಗಂಟು ಸೆರಗಿನ ಮರೆಯಲ್ಲೇ ಉಳಿದಿತ್ತು. ಹೊರಗೆ ಬಂದ ಬಸಲಿಂಗವ್ವ ಅದನ್ನು ಶಾಲ್ಮಲಾರ ಕೈಗಿಟ್ಟಳು.

“ಅವನ ಮ್ಯಾಲಿನ ಸಿಟ್ಟು ನಾ ಬಿಟ್ಟು ಭಾಳ ದಿನಾ ಆತ್ರಿ. ಅದನ್ನ ಅವಗ ಯಾವಾಗ ಹೇಳ್ಲಿ?”

ಅಷ್ಟರಲ್ಲಿ ಶಾಲ್ಮಲಾರ ಫೋನು ಗುಂಯ್‌ಗುಟ್ಟಿತು. ಇನ್ಯಾವುದೋ ಊರಿನಲ್ಲಿ ಕುಡಿಯುವ ನೀರಿಗೆ ಬೀಗ ಬಿದ್ದಿತ್ತು.