ಅಂತ್ಯವಾಕ್ಯಮಾಲೆ ಕಳವು ಪ್ರಕರಣ

ನವೆಂಬರ್ ಹನ್ನೆರಡು, ಮಂಗಳವಾರ. ಬೆಳಿಗ್ಗೆ ಚಾಮರಾಜನಗರ ಪಟ್ಟಣ ಠಾಣೆಗೆ ಬಂದ ದೊಡ್ಡಮಲ್ಲಪ್ಪನವರು ಕೂರಿ ಎಂದರೂ ಕೂರಲಿಲ್ಲ. ಅರಿಶಿನ ಮಂಡಿಯ ವ್ಯಾಪಾರಿ, ಹಳೇ ಪೇಟೆಯ ಜ್ಞಾನಪ್ರಕಾಶ ಪುಸ್ತಕ ಭಂಡಾರದ ಕಾರ್ಯದರ್ಶಿ. ಕೈಯಲ್ಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಇನ್ಸ್‌ಪೆಕ್ಟರ್ ಮಂಟೇಸ್ವಾಮಿಯ ಮೇಜಿನ ಮೇಲಿಟ್ಟರು. ಒಳಗೆ ಒಂದು ತುಂಡು ವಿಭೂತಿ ಗಟ್ಟಿ, ಒಣಗಿದ ಬಿಲ್ವಪತ್ರೆ.

"ಪುಸ್ತಕ ಇದ್ದ ಜಾಗದಲ್ಲಿ ಇದಿತ್ತು ಸಾರ್."

"ಮುಟ್ಟಿದ್ದು ಯಾಕೆ?"

"ಅಲ್ಲಿ ಬಿಟ್ಟು ಬರೋಕೆ ಮನಸ್ಸು ಬರಲಿಲ್ಲ."

ಕಳುವಾದ ಪುಸ್ತಕದ ಹೆಸರು 'ಅಂತ್ಯವಾಕ್ಯಮಾಲೆ'. ಪ್ಲೇಗು ಬಂದ ಕಾಲದಲ್ಲಿ ಗುಂಡ್ಲುಪೇಟೆಯ ಶಾಲಾ ಮೇಷ್ಟ್ರು ಗುರುಲಿಂಗಯ್ಯ ಎಂಬುವರು ಊರಾಚೆಯ ಪ್ಲೇಗಿನ ಗುಡಿಸಲುಗಳಿಗೆ ಹೋಗಿ, ಸಾಯುತ್ತಿದ್ದವರ ಕೊನೆಯ ಮಾತುಗಳನ್ನು ಬರೆದುಕೊಂಡಿದ್ದರು. ಊರು, ಹೆಸರು, ಮಾತು, ಇಷ್ಟೇ. ಅದನ್ನೇ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಈಗ ಉಳಿದಿರುವುದು ಎರಡೇ ಪ್ರತಿ. ಒಂದು ಭಂಡಾರದಲ್ಲಿತ್ತು. ಇನ್ನೊಂದು ಗುಂಡ್ಲುಪೇಟೆಯಲ್ಲಿ ಅವರ ಮೊಮ್ಮಗಳ ಮನೆಯಲ್ಲಿದೆ. ಪುಟಗಳ ಫೋಟೊ ತೆಗೆಯಲು ಮೈಸೂರಿನಿಂದ ಜನ ಬರುವವರಿದ್ದರು. ಅದಕ್ಕೆಂದು ಬೀರು ತೆಗೆದಾಗ ಕಳವು ಗೊತ್ತಾಗಿತ್ತು.

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು.

ಹನ್ನೊಂದರ ಹೊತ್ತಿಗೆ ಮಂಟೇಸ್ವಾಮಿ, ಹೆಡ್ ಕಾನ್‌ಸ್ಟೆಬಲ್ ಮಾದೇಶನೊಂದಿಗೆ ಸ್ಥಳ ಮಹಜರಿಗೆ ಹೋದರು. ಬೀರುವಿನ ಬೀಗ ಒಡೆದಿರಲಿಲ್ಲ, ಕಿಟಕಿ ಮೀಟಿರಲಿಲ್ಲ. ಬೀರುವಿನ ಕೀಲಿ ಹಿಡಿದವರು ಮೂವರು: ಕಾರ್ಯದರ್ಶಿ, ಗ್ರಂಥಪಾಲಕಿ ಕುಮಾರಿ, ಮತ್ತು ಚಂದಕವಾಡಿಯ ಚಂದ್ರಕುಮಾರ್. ಕೊನೆಯವರು ನಿವೃತ್ತ ಕನ್ನಡ ಮೇಷ್ಟ್ರು, ಗಮಕ ಓದಿ ಹೆಸರಾದವರು. ಪುಸ್ತಕವನ್ನು ಓದಿ ಧ್ವನಿ ಮುದ್ರಿಸಲು ಅವರನ್ನು ಗೊತ್ತುಮಾಡಿದ್ದರು. ಕೆಲಸ ಕಳೆದ ತಿಂಗಳೇ ಮುಗಿದಿತ್ತು.

"ಓದುವಾಗ ನೀವು ಜೊತೆಗಿರ್ತಿದ್ರಾ?" ಮಂಟೇಸ್ವಾಮಿ ಕುಮಾರಿಯನ್ನು ಕೇಳಿದರು.

"ಮೊದಲ ವಾರ ಇದ್ದೆ ಸಾರ್. ಆಮೇಲೆ ಒಳಗೆ ಹೋಗ್ಲಿಲ್ಲ."

"ಯಾಕೆ?"

ಅವಳು ಒಳಕೋಣೆಯ ಮುಚ್ಚಿದ ಬಾಗಿಲಿನ ಕಡೆ ನೋಡಿದಳು. "ಮೇಷ್ಟ್ರು ಒಬ್ಬರೇ ಇರ್ತಿದ್ರು. ಹೊರಗೆ ಎರಡು ದನಿ ಕೇಳಿಸ್ತಿತ್ತು."

ಮಾದೇಶ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಕೆ ಹಾಕಿದ. ಮೇಷ್ಟ್ರ ಕಂಠ ತುಂಬಿದ ಕೊಡದಂತಿತ್ತು.

'ಹರವೆ ಮರಿಯಮ್ಮ. ಎಮ್ಮೆಗೆ ನೀರು ಕುಡಿಸಿದಿರಾ?'

'ಕಾಗಲವಾಡಿ ಸಿದ್ದಪ್ಪ. ಬಾಗಿಲು ತೆಗೆಯಿರಿ, ಸೆಕೆ.'

'ತೆರಕಣಾಂಬಿ ನಂಜಿ. ನನಗೇನೂ ಆಗಿಲ್ಲ.'

ಪ್ರತಿ ಮಾತಿನ ನಂತರ ಸ್ವಲ್ಪ ಮೌನ. ಆ ಮೌನದ ತಳದಲ್ಲಿ ಏನೋ ಇತ್ತು. ಮಂಟೇಸ್ವಾಮಿ ಫ್ಯಾನ್ ಆರಿಸಿ ದನಿ ಹೆಚ್ಚಿಸಲು ಹೇಳಿದರು. ಈಗ ಸ್ಪಷ್ಟವಾಯಿತು. ಹಸುಗೂಸಿಗೆ ಹೇಳುವಷ್ಟು ಮೆಲ್ಲಗೆ, ಒಂದೇ ಮಾತು.

'ಕೂತ್ಕೋ.'

ಮತ್ತೊಂದು ಹೆಸರು, ಮತ್ತೊಂದು ಮಾತು. 'ಕೂತ್ಕೋ.'

ಮಾದೇಶ ತಾನು ಕೂತಿದ್ದ ಕುರ್ಚಿಯಿಂದ ಎದ್ದ. "ಸಾ, ಸಾಕು ಸಾ. ನಮ್ ಪುಣಜನೂರ್ ಕಾಡಲ್ಲಿ ಆನೆ ಎದುರಿಗೆ ಬಂದಾಗ್ಲೂ ಇಂಗಾಗಿರ್ನಿಲ್ಲ."

"ಕೊನೇದು ಹಾಕು."

'ಚಂದಕವಾಡಿ ಶಿವಲಕ್ಷ್ಮಿ,' ಎಂದಿತು ಕಂಠ. ಮುಂದೆ ಮಾತಿಲ್ಲ. ಯಾರೋ ಉಸಿರಾಡುವ ಸದ್ದು ಬಹಳ ಹೊತ್ತು ಇತ್ತು. ಆಮೇಲೆ ಮುದ್ರಣ ನಿಂತಿತು.

ಮೇಷ್ಟ್ರ ಫೋನ್ ಸ್ವಿಚ್ ಆಫ್ ಆಗಿತ್ತು. ಹಳೇ ಪುಸ್ತಕ ಕೊಳ್ಳುವವರಿಗೆ ಮಾರುವ ಉದ್ದೇಶವಿದ್ದರೆ ಎರಡನೇ ಪ್ರತಿಗೂ ಕೈ ಹಾಕಿರುತ್ತಾರೆ ಎಂದುಕೊಂಡು ಮಂಟೇಸ್ವಾಮಿ ಗುಂಡ್ಲುಪೇಟೆ ಠಾಣೆಗೆ ತಿಳಿಸಿ ಜೀಪು ಹತ್ತಿದರು.

ಗುರುಲಿಂಗಯ್ಯನವರ ಮೊಮ್ಮಗಳು ದೊಡ್ಡಮಲ್ಲಮ್ಮನಿಗೆ ಎಂಬತ್ತು ದಾಟಿತ್ತು. ಹೆದ್ದಾರಿಯಲ್ಲಿ ಬಂಡೀಪುರದ ಕಡೆ ಓಡುವ ಕೇರಳದ ಲಾರಿಗಳ ಸದ್ದಿಗೆ ಅವಳ ಮನೆಯ ಗೋಡೆ ಅದುರುತ್ತಿತ್ತು.

"ಅವ್ವಾ, ಚಂದ್ರಕುಮಾರ್ ಮೇಷ್ಟ್ರು ಇಲ್ಲಿಗೆ ಬಂದಿದ್ರಾ?"

"ಬಂದಿದ್ರು ಕಣಪ್ಪ, ದೀಪಾವಳಿ ಆದ್ಮೇಲೆ. ತಾತನ ಪುಸ್ತಕ ನೋಡ್ಬೇಕು ಅಂದ್ರು. ನಾ ಕಾಫಿ ಕಾಯ್ಸಕ್ಕೆ ಓದೆ."

"ಪುಸ್ತಕ ತೋರಿಸ್ತೀರಾ?"

ಅವಳು ದೇವರ ಮನೆಯ ಮರದ ಪೆಟ್ಟಿಗೆ ತೆರೆದಳು. ತಳದಲ್ಲಿ ವಿಭೂತಿಯ ತುಂಡು, ಬಿಲ್ವಪತ್ರೆ. ಮಾದೇಶ ಎರಡು ಹೆಜ್ಜೆ ಹಿಂದೆ ಸರಿದ. ಮುದುಕಿ ಮಾತ್ರ ಕೈ ಮುಗಿದಳು.

"ನಮ್ ತಾತ ಅದ್ನ ಗಟ್ಟಿಯಾಗಿ ಓದಕ್ಕೆ ಬುಡ್ತಿರ್ನಿಲ್ಲ. ಎಸ್ರು ಕೂಗುದ್ರೆ ಅವ್ರು ತಿರುಗಿ ನೋಡ್ತಾರೆ ಅನ್ನೋರು."

"ಯಾರು?"

"ಅದ್ರಲ್ಲಿರೋರು. ಎಲ್ರುನೂ ಒಂದೇ ಗುಂಡಿಗೆ ಸುರುದ್ಬುಟ್ರಂತೆ. ನಮ್ಮೋರ್ನ ಕೂರ್ಸಿ ಮಣ್ ಮಾಡ್ತಾರಲ್ಲಪ್ಪ, ಅಂಗೆ ಯಾರೂ ಕೂರುಸ್ನಿಲ್ಲ. ಅದ್ಕೆ ಇನ್ನೂವೆ ನಿಂತೇ ಅವ್ರೆ ಅನ್ನೋರು ತಾತ. ಸಂಜೆ ಆದ್ರೆ ಅಂಗಳಕ್ಕೆ ಬೆನ್ನು ಮಾಡಿ ಕೂರೋರು."

"ಚಂದಕವಾಡಿ ಶಿವಲಕ್ಷ್ಮಿ ಅಂತ ಅದರಲ್ಲಿ ಯಾರಾದರೂ ಇದ್ದಾರಾ?"

"ಇಲ್ಲ ಕಣಪ್ಪ. ಅದು ಮೇಷ್ಟ್ರು ಎಂಡ್ರ ಎಸ್ರು. ಕೊರೋನದಲ್ಲಿ ತೀರ್ಕಂಡ್ಲು ಅಂತ ಇಲ್ಲೇ ಕುಂತ್ಕಂಡು ಅತ್ರು."

ಮಂಟೇಸ್ವಾಮಿ ಎದ್ದು ಜೀಪಿನತ್ತ ನಡೆದರು. ಜೀಪು ಚಾಮರಾಜನಗರ ದಾಟಿ ಚಂದಕವಾಡಿ ಸೇರುವವರೆಗೂ ಮಾದೇಶ ವೇಗ ತಗ್ಗಿಸಲಿಲ್ಲ.

ಮೇಷ್ಟ್ರ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಚಿಕ್ಕಮಲ್ಲಪ್ಪ ಜಗುಲಿಯಿಂದ ಎದ್ದು ಬಂದ.

"ಒಲದಲ್ಲವ್ರೆ ಸಾ. ಮೂರ್ನಾಕ್ ದಿನದಿಂದ ಅಗೀತಾನೆ ಅವ್ರೆ. ಪಾಯನಾ ಮೇಷ್ಟ್ರೇ ಅಂದೆ. ಅಲ್ಲ ಅಂದ್ರು."

"ಇವತ್ತು ಏನು ಹೇಳಿ ಹೋದ್ರು?"

"ಏನೂ ಏಳ್ನಿಲ್ಲ. ಎಂಡ್ರ ಸೀರೆ ಎತ್ಕಂಡ್ರು, ಬಾಗ್ಲಿಗೆ ಬೀಗ ಆಕುದ್ರು, ಬೀಗದ್ಕೈ ನನ್ ಕೈಗೆ ಕೊಟ್ಬುಟ್ಟು ಓದ್ರು."

ಮಂಟೇಸ್ವಾಮಿ ಓಡಿದರು. ಹಿಂದೆ ಮಾದೇಶ, ಅವನ ಹಿಂದೆ ಚಿಕ್ಕಮಲ್ಲಪ್ಪ.

ಮಧ್ಯಾಹ್ನದ ಬಿಸಿಲು ಇನ್ನೂ ಬಲವಾಗಿತ್ತು. ಕೊಯ್ಲಾದ ಜೋಳದ ಹೊಲದ ನಡುವೆ ಎರಡು ಸಣ್ಣ ಮಣ್ಣಿನ ಗುಡ್ಡೆಗಳು, ಮೇಲೆ ವಿಭೂತಿಯ ಮೂರು ಗೆರೆ. ಅವುಗಳ ಪಕ್ಕದಲ್ಲಿ ನೆಲದ ಮೇಲೆ ಒಂದು ತಲೆ ಇತ್ತು. ನರೆತ ಕೂದಲಿನ, ದೇಹವಿಲ್ಲದ ತಲೆ. ಅದು ಮೆಲ್ಲಗೆ ಮಾತಾಡುತ್ತಿತ್ತು.

ಹತ್ತಿರ ಹೋದ ಮೇಲೆ ಗುಂಡಿ ಕಾಣಿಸಿತು. ಕತ್ತಿನವರೆಗೆ ಆಳವಿದ್ದ ಗುಂಡಿಯಲ್ಲಿ ಮೇಷ್ಟ್ರು ನಿಂತಿದ್ದರು. ಗುಂಡಿಯ ಒಂದು ಮಗ್ಗುಲಿಗೆ, ಮನುಷ್ಯ ಕೂರುವಷ್ಟು ಗೂಡು ಕೊರೆದಿತ್ತು. ಗೂಡಿನೊಳಗೆ ಮಡಿಸಿದ ಹಸಿರು ಸೀರೆ.

"ಮೇಷ್ಟ್ರೇ, ಕೈ ಕೊಡಿ. ಮೇಲೆ ಬನ್ನಿ."

ಚಂದ್ರಕುಮಾರ್ ಕತ್ತೆತ್ತಿದರು. "ಹೆದರಬೇಡಿ. ನನಗಲ್ಲ ಇದು. ಅಳತೆ ನೋಡ್ತಿದ್ದೆ. ಅವಳು ನನ್ನ ಭುಜದವರೆಗೆ ಬರ್ತಿದ್ದಳು."

ಅವರನ್ನು ಮೇಲೆತ್ತಿ ಬದುವಿನ ಮೇಲೆ ಕೂರಿಸಿ ನೀರು ಕೊಟ್ಟರು.

"ಪುಸ್ತಕಗಳು ಎಲ್ಲಿವೆ?"

ಮೇಷ್ಟ್ರು ಗುಡ್ಡೆಗಳನ್ನು ತೋರಿಸಿದರು.

"ಭಂಡಾರದ್ದು ಹೇಗೆ ತಂದ್ರಿ?"

"ಕೊನೇ ದಿನ ಚೀಲದಲ್ಲಿ ಹಾಕ್ಕೊಂಡು ಬಂದೆ. ಬೀಗ ಹಾಕಿ ಕೀಲಿ ವಾಪಸ್ ಕೊಟ್ಟೆ."

"ಯಾಕೆ ಹೂತ್ರಿ?"

"ಸುಡಬಾರದಲ್ಲ ಸಾರ್. ನಮ್ಮಲ್ಲಿ ಹೂಳೋದು."

"ರೆಕಾರ್ಡಿಂಗಲ್ಲಿ 'ಕೂತ್ಕೋ' ಅಂದಿದ್ದು ಯಾರು?"

"ನಾನೇ," ಎಂದರು ಚಂದ್ರಕುಮಾರ್. ಆಮೇಲೆ ಇನ್ನೊಂದು ಗುಟುಕು ನೀರು ಕುಡಿದು, "ಮೊದಮೊದಲು ನಾನೇ," ಎಂದರು.

ಚಿಕ್ಕಮಲ್ಲಪ್ಪನನ್ನೂ ಪಕ್ಕದ ಹೊಲದವನೊಬ್ಬನನ್ನೂ ಪಂಚರನ್ನಾಗಿ ಕರೆದು ಪಂಚನಾಮೆ ಶುರುವಾಯಿತು. ಮಾದೇಶ ಬೂಟು ಬಿಚ್ಚಿ ಪಕ್ಕಕ್ಕಿಟ್ಟು ಗುದ್ದಲಿ ಹಿಡಿದ.

"ಸಾ, ಹೂತಿರದ್ನ ತೆಗೀಬೇಕಾದ್ರೆ ತಹಸೀಲ್ದಾರ್ ಬರ್ಬೇಕಲ್ವಾ?"

"ಪುಸ್ತಕಕ್ಕೆ ಬೇಡ. ಮೆಲ್ಲಗೆ ಅಗಿ."

ಮೊಣಕಾಲುದ್ದದ ಕೆಳಗೆ ಕಲ್ಲುಚಪ್ಪಡಿ ಸಿಕ್ಕಿತು. ಅದರ ಹಿಂದಿನ ಗೂಡಿನಲ್ಲಿ ಹೊಸ ಬಿಳಿ ಬಟ್ಟೆ ಸುತ್ತಿದ ಪುಸ್ತಕ ನೆಟ್ಟಗೆ ಕೂತಿತ್ತು, ಉತ್ತರಕ್ಕೆ ಮುಖ ಮಾಡಿ. ಒಂದು ಕಣ ಮಣ್ಣೂ ತಾಗಿರಲಿಲ್ಲ. ಎರಡನೆಯದೂ ಹಾಗೆಯೇ. ಬಟ್ಟೆ ಬಿಚ್ಚುವಾಗ ದೂರದಲ್ಲಿ ಮೇಯುತ್ತಿದ್ದ ದನಗಳು ಏಕೋ ಎಲ್ಲವೂ ಒಟ್ಟಿಗೆ ತಲೆ ಎತ್ತಿ ಈ ಕಡೆ ನೋಡಿದವು. ಮಾದೇಶ ಅದನ್ನು ಕಂಡ. ಕಂಡದ್ದನ್ನು ಯಾರಿಗೂ ಹೇಳದೆ ಸೀಲು ಹಾಕಲು ಅರಗು ಕಾಯಿಸಿದ.

ಪುಸ್ತಕಗಳನ್ನು ವಶಕ್ಕೆ ಪಡೆದು, ದಸ್ತಗಿರಿ ಮಾಡಿರುವುದಾಗಿ ತಿಳಿಸಿದಾಗ ಚಂದ್ರಕುಮಾರ್ ತಕರಾರು ಮಾಡಲಿಲ್ಲ. ಎದ್ದು ನಿಂತು ಗುಂಡಿಯ ಕಡೆ ಒಮ್ಮೆ ನೋಡಿದರು, ಅಷ್ಟೇ.

ಮಂಟೇಸ್ವಾಮಿ ಪೆನ್ನಿನ ಮುಚ್ಚಳ ಹಾಕಿದರು. "ಚಿಕ್ಕಮಲ್ಲಪ್ಪ, ಅಯ್ಯನೋರು ಊರಲ್ಲಿದ್ದಾರಾ?"

"ಅವ್ರೆ ಸಾ."

"ಕರ್ಕೊಂಡು ಬಾ. ಬೇಗ ಮುಗಿಸಿ."

ಅಯ್ಯನವರು ಬಂದರು. ಸೀರೆಗೆ ವಿಭೂತಿ ಹಚ್ಚಿ, ಪತ್ರೆ ಇಟ್ಟು, ಗೂಡಿಗೆ ಚಪ್ಪಡಿ ಮುಚ್ಚಿ ಮಣ್ಣೆಳೆದರು. ಮೊದಲ ಹಿಡಿ ಮೇಷ್ಟ್ರು ಹಾಕಿದರು. ಇನ್ಸ್‌ಪೆಕ್ಟರ್ ಆ ಹೊತ್ತಿನಲ್ಲಿ ಜೀಪಿನ ಬಳಿ ನಿಂತು ರಸ್ತೆಯ ಕಡೆ ನೋಡುತ್ತಿದ್ದರು. ಪಂಚನಾಮೆಯಲ್ಲಿ ಇದರ ಉಲ್ಲೇಖವಿಲ್ಲ.

ಸಂಜೆ ಠಾಣೆಯಲ್ಲಿ ಹೇಳಿಕೆ ದಾಖಲಾಯಿತು. ಮಾದೇಶ ಬರೆಯುತ್ತಿದ್ದ. ಮೇಷ್ಟ್ರು ಪಾಠ ಹೇಳುವವರಂತೆ ನಿಧಾನವಾಗಿ ಹೇಳಿದರು. ಶಿವಲಕ್ಷ್ಮಿಗೆ ಜ್ವರ ಬಂದದ್ದು, ಆಂಬುಲೆನ್ಸ್ ಬಂದದ್ದು, ಅದಾದ ಮೇಲೆ ಅವಳನ್ನು ನೋಡಿದ್ದು ದೂರದಿಂದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗುರುತಿಲ್ಲದ ನಾಲ್ವರು ಹಗ್ಗ ಹಿಡಿದು ಮಲಗಿಸಿ ಇಳಿಸುವಾಗ. ಯಾರ ಮೇಲೂ ದೂರಿಲ್ಲ, ಅವರೂ ಹೆದರಿದ್ದರು ಎಂದರು.

"ಆ ಪುಸ್ತಕದಲ್ಲಿದ್ದವರ ಪಕ್ಕ ಒಬ್ಬರು ಕೂತು, ಹೇಳಿದ್ದನ್ನ ಕೇಳಿಸ್ಕೊಂಡಿದ್ರು. ಅಷ್ಟಾದ್ರೂ ಇತ್ತು ಅವರಿಗೆ. ಮಣ್ಣು ಸಿಕ್ಕಿರಲಿಲ್ಲ. ಇವಳಿಗೆ ಎರಡೂ ಇಲ್ಲ. ಆಂಬುಲೆನ್ಸ್ ಬಾಗಿಲು ಹಾಕುವಾಗ ಏನೋ ಹೇಳಿದಳು. ಮಾಸ್ಕ್ ಇತ್ತು. 'ಏನೇ?' ಅಂದೆ. ಮತ್ತೆ ಹೇಳಿದಳು. ಆಗಲೂ ಕೇಳಿಸಲಿಲ್ಲ. ಬಾಗಿಲು ಹಾಕಿದರು."

ಮಾದೇಶನ ಕೈ ನಿಂತಿತು. ಇನ್ಸ್‌ಪೆಕ್ಟರ್ ಕಡೆ ನೋಡಿದ. "ಸಾ, ಕೇಸಿಗೆ ಇದು ಬೇಕಾಗಲ್ಲ. ಬರೀಲಾ?"

"ಬರಿ," ಎಂದರು ಮಂಟೇಸ್ವಾಮಿ. "ಅವರು ಹೇಳಿದ ಹಾಗೇ ಬರಿ."