ಹತ್ತು ಸಾವಿರ ಎರೆಹುಳುಗಳ ಕೊಲೆ

2004ರ ಜೂನ್ ಐದು, ಬೆಳಗ್ಗೆ ಏಳೂವರೆ. ಗೊಬ್ಬರದ ತೊಟ್ಟಿಯ ಮೇಲಿನ ಗೋಣಿತಾಟು ಸರಿಸಿದ ಮಾಲಿ ಬೈಲಪ್ಪ ಒಳಗೆ ಕೈಯಿಟ್ಟು ನೋಡಿದ. ಎರೆಹುಳುಗಳೆಲ್ಲ ಸತ್ತಿದ್ದವು. ನಿನ್ನೆ ಸಂಜೆ ಬೆರಳ ಸಂದಿಯಲ್ಲಿ ನುಲಿಯುತ್ತಿದ್ದಂಥವು ಈಗ ಬೆಂದ ಶಾವಿಗೆಯಂತೆ ಬಿಳಿಚಿಕೊಂಡು ಬಿದ್ದಿದ್ದವು.

ಹತ್ತಕ್ಕೆ 'ಹಸಿರು ಕ್ಯಾಂಪಸ್' ಪ್ರಶಸ್ತಿಯ ಸಮಿತಿ ಬರಲಿತ್ತು. ಕೆ.ಆರ್. ಪುರದಾಚೆಯ ಆ ವಿಶ್ವವಿದ್ಯಾಲಯದಲ್ಲಿ ಹಸಿರೆಂದು ತೋರಿಸಲು ಇದ್ದದ್ದು ಎರಡೇ: ಈ ತೊಟ್ಟಿ, ಮತ್ತು ಪರಿಸರ ಕೋಶದ ಮುಖ್ಯಸ್ಥ ಡಾ. ಕೆಂಪರಾಜ್ ಈ ದಿನಕ್ಕೆಂದೇ ಹೊಲಿಸಿದ ಗಿಳಿಹಸಿರು ಖಾದಿ ಜುಬ್ಬಾ.

"ಯೂರಿಯಾ ಸುರಿದಿದ್ದಾನೆ. ಇವನ ಶೆಡ್ಡಲ್ಲೇ ಮೂಟೆ ಇದೆ," ಎಂದರು ಕೆಂಪರಾಜ್.

"ಆಣೆ ಮಾಡ್ತೀನಿ ಸಾ, ನಾನು ಮುಟ್ಟಿಲ್ಲ."

"ಹನ್ನೊಂದಕ್ಕೆ ಆರ್ಡರ್ ಕೈಗೆ ಬರುತ್ತೆ. ಕೆಲಸ ಇಲ್ಲ. ಕ್ವಾರ್ಟರ್ಸೂ ಖಾಲಿ ಮಾಡು."

ಸಂಜೆ ಪತ್ರಿಕೆಯ ವರದಿಗಾರ್ತಿ ಜಹನಾರಾ ಆಗಷ್ಟೇ ಬಂದಿದ್ದಳು. ಶಿವಾಜಿನಗರದಿಂದ ಎರಡು ಬಸ್ಸು ಬದಲಿಸಿ ಬಂದದ್ದು ಪರಿಸರ ದಿನದ ಸಸಿ ನೆಡುವ ಫೋಟೊಗೆ. ಐದು ವರ್ಷದಿಂದ ಅದೇ ಗುಂಡಿಯಲ್ಲಿ ಅದೇ ಜನ ನೆಡುತ್ತಿದ್ದರು. ಈ ಸಲ ಕೊಲೆ ಸಿಕ್ಕಿತ್ತು.

* * *

ಶೆಡ್ಡಿನಲ್ಲಿ ಮೂಟೆ ಇತ್ತು, ನಿಜ. ಬಾಯಿಗೆ ಕಾರ್ಖಾನೆಯ ಹೊಲಿಗೆ. ಒಂದು ದಾರವೂ ಬಿಚ್ಚಿರಲಿಲ್ಲ.

"ಇದನ್ನ ಯಾಕೆ ತರಿಸಿದ್ರಿ ಬೈಲಪ್ಪನವರೇ?" ಎಂದಳು ಜಹನಾರಾ.

"ನಾನೆಲ್ಲಿ ತರ್ಸಿದ್ನಮ್ಮ? ಹುಲ್ಲು ಪಳಪಳ ಅನ್ಬೇಕು ಅಂತ ಸಾಹೇಬ್ರೇ ಕಳ್ಸಿದ್ರು. ನಾನು ಮೂಲೇಗಿಟ್ಟೆ."

ಕ್ಯಾಂಟೀನಿನ ಹಾಶಿಮ್ ಹಿಂದೊಮ್ಮೆ ತೊಟ್ಟಿಗೆ ಉಪ್ಪಿನಕಾಯಿ ರಸ ಸುರಿದು ಬೈಸಿಕೊಂಡಿದ್ದ. ಅವಳು ಅಲ್ಲಿಗೂ ಹೋದಳು.

"ರಜಾ ಶುರುವಾದಾಗಿಂದ ಒಲೆ ಹಚ್ಚಿಲ್ಲ ಆಪಾ," ಎಂದ ಹಾಶಿಮ್. "ಹುಳಕ್ಕೆ ಹಾಕೋಕೆ ನನ್ನತ್ರ ಏನಿದೆ, ಬೀಗಾನಾ?"

ಅವಳು ಕಿಟಕಿಯಲ್ಲಿ ಇಣುಕಿದಳು. ಒಲೆಯ ಬಾಯಿಗೆ ಜೇಡ ಬಲೆ ಕಟ್ಟಿತ್ತು.

* * *

ಗೇಟಿನಿಂದ ರಸ್ತೆಯ ಎರಡೂ ಬದಿಗೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ. ದೊಡ್ಡವರು ಬರುವ ದಿನ ಅದನ್ನೆಳೆಯದ ಕಚೇರಿ ಬೆಂಗಳೂರಿನಲ್ಲಿಲ್ಲ. ಪರಿಸರ ಸಮಿತಿಗೂ ಅದೇ ಮರ್ಯಾದೆ. ಆದರೆ ತೊಟ್ಟಿಗೆ ಇನ್ನೂ ಮೂವತ್ತು ಅಡಿ ಇರುವಾಗಲೇ ಗೆರೆ ನಿಂತಿತ್ತು.

ಗುಡಿಸುತ್ತಿದ್ದ ಅಮೃತಮ್ಮನನ್ನು ಜಹನಾರಾ ಕೇಳಿದಳು. "ಪುಡಿ ಸಾಲ್ಲಿಲ್ವಾ?"

"ಇತ್ತು. ಬೆಳ್ಗೆ ಬೆಳ್ಗೆನೇ ಬಕೀಟು ಸಮೇತ ಇಸ್ಕೊಂಡು ಹೋದ್ರು."

"ಯಾರು?"

ಅಮೃತಮ್ಮನ ಪೊರಕೆ ಜೋರಾಯಿತು. "ನಂಗೂ ಮಕ್ಳವ್ರೆ ಮೇಡಂ."

* * *

ಹತ್ತಕ್ಕೆ ಸಮಿತಿ, ಕುಲಪತಿ, ಎಲ್ಲರೂ ತೊಟ್ಟಿಯ ಸುತ್ತ ನಿಂತರು. "ಒಬ್ಬ ಅವಿದ್ಯಾವಂತನ ತಪ್ಪಿನಿಂದ..." ಎಂದು ಕೆಂಪರಾಜ್ ಕೈಯೆತ್ತಿದರು.

"ಹಾಗೇ ಎತ್ತಿಡ್ಕೊಳ್ಳಿ ಸಾರ್," ಎಂದಳು ಜಹನಾರಾ. "ತೋಳು ನೋಡಿ ಎಲ್ರೂ."

ಗಿಳಿಹಸಿರು ತೋಳಿನ ತುದಿಯಲ್ಲಿ ಬಣ್ಣ ಹೋದ ಕಲೆಗಳು.

"ಯೂರಿಯಾ ಬಟ್ಟೆಯ ಬಣ್ಣ ತೆಗೆಯಲ್ಲ, ಬ್ಲೀಚಿಂಗ್ ಪೌಡರ್ ತೆಗೆಯುತ್ತೆ. ಯೂರಿಯಾ ಮೂಟೆಯ ಹೊಲಿಗೆ ಬಿಚ್ಚೇ ಇಲ್ಲ. ಕ್ಯಾಂಟೀನಿಗೆ ಬೀಗ ಹಾಕಿದೆ. ರಸ್ತೆಗೆ ಎಳೆದ ಗೆರೆ ಇಲ್ಲಿಗೆ ಬರೋ ಮುಂಚೆ ನಿಂತಿದೆ. ಉಳಿದ ಪುಡೀನ ಬಕೀಟಲ್ಲಿ ನೀರಿಗೆ ಕಲಸಿ ತೊಟ್ಟಿಗೆ ಹುಯ್ದಿದ್ದೀರಿ. ಕ್ಯಾಂಪಸ್ಸೆಲ್ಲ ಅದೇ ವಾಸನೆ, ಹಾಗಾಗಿ ಇಲ್ಲಿ ಯಾರಿಗೂ ಅನುಮಾನ ಬರಲಿಲ್ಲ."

ಅಮೃತಮ್ಮ ಪೊರಕೆ ಕೆಳಗಿಟ್ಟಳು. "ಬಕೀಟು ಇಸ್ಕೊಂಡಿದ್ದು ಅವ್ರೇ."

"ಗೊಬ್ಬರ ನಾರ್ತಿತ್ತು ರೀ," ಎಂದರು ಕೆಂಪರಾಜ್. "ಗಣ್ಯರು ಬರೋ ಟೈಮು. ಸ್ವಲ್ಪ ಕ್ಲೀನ್ ಮಾಡೋಣ ಅಂತ... ಸತ್ತೋಗ್ತವೆ ಅಂತ ಯಾರಿಗ್ಗೊತ್ತು?"

ಎರೆಹುಳುವಿನ ಮೇಲೆ ಇಪ್ಪತ್ತೆರಡು ಪ್ರಬಂಧ ಮಂಡಿಸಿದ್ದ ಮನುಷ್ಯ.

ಕುಲಪತಿಗಳು ಸಹಿಗೆ ಬಂದಿದ್ದ ಬೈಲಪ್ಪನ ವಜಾ ಆದೇಶವನ್ನು ನಾಲ್ಕು ಮಡಿಕೆ ಮಾಡಿ ಹರಿದರು. "ಪೇಪರಿಗೆ ಹಾಕ್ಬೇಡಿ ಮೇಡಂ."

"ಸಂಜೆ ಓದಿ ಸಾರ್."

ಬೈಲಪ್ಪ ಇದ್ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ತೊಟ್ಟಿಯ ತಳದ ಮೂಲೆಯನ್ನು ಬರಿಗೈಯಲ್ಲಿ ಬಗೆಯುತ್ತಿದ್ದ. ನೀರಿಳಿಯದ ಒಂದು ಹೆಂಟೆ ಒಡೆದಾಗ ಅಂಗೈ ಮೇಲೆ ಐದಾರು ಕೆಂಪು ಎಳೆಗಳು ಮಿಸುಕಾಡಿದವು.

"ನೋಡಿ, ಬದುಕಿವೆ!" ಎಂದು ಕೆಂಪರಾಜ್ ಬಗ್ಗಿದರು.

ಬೈಲಪ್ಪ ಮುಷ್ಟಿ ಮುಚ್ಚಿಕೊಂಡ.

"ನೀವು ಒಸಿ ದೂರ ನಿಂತ್ಕಳಿ ಸಾ. ಈಗಷ್ಟೇ ಉಸಿರಾಡ್ತಾ ಅವೆ."